ಚಿಯಾಂಗ್ ಮಾಯ್‌ನ ‘ಧ್ಯಾನ, ಮಸಾಜ್’ ಪ್ಯಾಕೇಜ್: ದುಡ್ಡು ಕಟ್ಟುವ ಮುಂಚೆ ಓದಿ

ಸೊಂಟನೋವು, ನಿದ್ದೆ ಇಲ್ಲ, ಟೆನ್ಷನ್ ಅಂತ ಫೋನಿನಲ್ಲಿ ಒಮ್ಮೆ ಹುಡುಕಿದರೆ ಸಾಕು, ಈ ಜಾಹೀರಾತು ಬೆನ್ನು ಹತ್ತುತ್ತದೆ. ಥಾಯ್ಲೆಂಡಿನಲ್ಲಿ ಬೌದ್ಧ ಧ್ಯಾನ, ಪಾರಂಪರಿಕ ಮಸಾಜ್, ಮೈ ಮನಸ್ಸು ಎರಡೂ ಗುಣ! ನನ್ನ ಅಕ್ಕ ಅಂಥದ್ದೊಂದಕ್ಕೆ ಸೇರಿದಳು. ಜೊತೆಗೆ ನಾನೂ ಹೋಗಿದ್ದೆ.

ಅಕ್ಕನಿಗೆ ಡಿಸ್ಕ್ ತೊಂದರೆ ಇದೆ, ಬಿಪಿ ಮಾತ್ರೆ ತಗೋತಾಳೆ. ಎರಡನ್ನೂ ಫಾರಂನಲ್ಲಿ ಬರೆದುಕೊಟ್ಟಿದ್ದಳು. ಅದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ. ಥಾಯ್ ಮಸಾಜ್ ಅಂದರೆ ನಮ್ಮ ಎಣ್ಣೆ ಹಚ್ಚಿ ತಿಕ್ಕುವ ಕೆಲಸ ಅಲ್ಲ. ಸಡಿಲ ಬಟ್ಟೆ ತೊಟ್ಟು ನೆಲದ ಹಾಸಿಗೆ ಮೇಲೆ ಮಲಗಬೇಕು. ಹೆಬ್ಬೆರಳು, ಮೊಣಕೈ, ಮಂಡಿ, ಪಾದ ಎಲ್ಲದರಿಂದಲೂ ಒತ್ತುತ್ತಾರೆ, ಕೈಕಾಲು ಎಳೆಯುತ್ತಾರೆ, ಬೆನ್ನು ತಿರುಚುತ್ತಾರೆ. ಡಿಸ್ಕ್ ಜಾರಿದವರಿಗೆ ಈ ತಿರುಚುವುದೇ ಅಪಾಯ. ಅಕ್ಕ ನೋವಿಗೆ ಕೂಗಿದರೆ, “ಹಳೇ ನೋವು ಹೊರಗೆ ಬರ್ತಿದೆ, ಉಸಿರು ಗಮನಿಸಿ” ಅಂದರು. ಮರುದಿನ ಬಲಗಾಲು ಜೋಮು. ಆಗಲೂ ಡಾಕ್ಟರ ಮಾತೇ ಇಲ್ಲ. ಬಿಪಿ ಮಾತ್ರೆ ಬಿಟ್ಟು ಇನ್ನಷ್ಟು ಹೊತ್ತು ಧ್ಯಾನಕ್ಕೆ ಕೂರಿ ಅಂತ ಸಲಹೆ ಬೇರೆ!

ನಾನೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ ಒತ್ತಿಕೊಂಡಿದೆ ಅಂದರು. ಉಳಿದ ದಿನಗಳ ಹಣ ವಾಪಸ್ ಕೇಳಿದಾಗ ಬಂದ ಉತ್ತರ: ಅದು ದಾನ, ಹಿಂದಿರುಗಿಸುವ ಹಾಗಿಲ್ಲ. ಕಟ್ಟಿಸಿಕೊಳ್ಳುವಾಗ ಮಾತ್ರ ಅದು ಅಡ್ವಾನ್ಸ್ ಆಗಿತ್ತು.

ಅಲ್ಲಿ ಕಾವಿ ತೊಟ್ಟ ‘ಗುರು’ ಒಬ್ಬರು ಹೆಂಗಸರ ಭುಜ ಒತ್ತಿ ‘ಶಕ್ತಿ’ ಕೊಡುತ್ತಿದ್ದರು. ಥಾಯ್ ಭಿಕ್ಷುಗಳು ಹೆಂಗಸರನ್ನು ಮುಟ್ಟುವುದೇ ಇಲ್ಲ, ಕೈಗೆ ಕೈ ತಾಗುವ ಹಾಗೆ ವಸ್ತು ಕೂಡ ತಗೊಳ್ಳುವುದಿಲ್ಲ. ಕಾವಿ ತೊಟ್ಟವರು ನಿಮ್ಮ ಮೈ ಮುಟ್ಟಿದರೆ ಅಲ್ಲಿಂದಲೇ ಎದ್ದು ಬನ್ನಿ.

ಮಸಾಜ್ ಮೇಲೆ ನನಗೆ ಸಿಟ್ಟಿಲ್ಲ. 2019ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆ ಪಟ್ಟಿಗೆ ಸೇರಿದ ವಿದ್ಯೆ ಅದು. ಬ್ಯಾಂಕಾಕಿನ ವಾಟ್ ಫೋ ದೇವಾಲಯದ ಶಾಲೆ 1955ರಿಂದ ಕಲಿಸುತ್ತಿದೆ. ಒಳ್ಳೆಯ ಕಡೆ ಮೊದಲು ಕೇಳುವುದೇ ನಿಮ್ಮ ಕಾಯಿಲೆ, ಆಪರೇಷನ್, ಗರ್ಭಿಣಿಯಾ ಅನ್ನುವುದನ್ನು. ಸರ್ಕಾರದ ಲೈಸೆನ್ಸ್ ಗೋಡೆ ಮೇಲೆ ಕಾಣಬೇಕು. ಕಾಣದಿದ್ದರೆ ಕೇಳಿ, ಸಂಕೋಚ ಯಾಕೆ?

ಧ್ಯಾನಕ್ಕಂತೂ ಇಷ್ಟು ದುಡ್ಡು ಸುರಿಯಬೇಕಾಗಿಯೇ ಇಲ್ಲ. ಧ್ಯಾನ ಗುರು ಎಸ್. ಎನ್. ಗೋಯೆಂಕಾ ಪರಂಪರೆಯ 10 ದಿನಗಳ ವಿಪಶ್ಯನ (ಉಸಿರು, ಮೈಯ ಅನುಭವ ಗಮನಿಸುವ ಬೌದ್ಧ ಧ್ಯಾನ) ಶಿಬಿರ ಬೆಂಗಳೂರಿನ ಹತ್ತಿರವೇ ನಡೆಯುತ್ತದೆ. ಫೀಸಿಲ್ಲ, ಶಿಬಿರ ಮುಗಿಸಿದವರಿಂದ ಮಾತ್ರ ದೇಣಿಗೆ. ಇದು ಔಷಧಿಗೆ ಬದಲಿ ಅಲ್ಲ, ಗಂಭೀರ ಮಾನಸಿಕ ಕಾಯಿಲೆ ಇದ್ದರೆ ಬೇಡ ಅಂತ ಅವರೇ ಮೊದಲು ಹೇಳುತ್ತಾರೆ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ರಸೀದಿ, ಮೆಸೇಜು ಎಲ್ಲ ಇಟ್ಟುಕೊಳ್ಳಿ. ಥಾಯ್ಲೆಂಡಿನ ಟೂರಿಸ್ಟ್ ಪೊಲೀಸ್ ನಂಬರ್ 1155. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ ಜಗಳ, ದೂರು ಎಲ್ಲ ಆಮೇಲೆ. ಮೊದಲು ಆಸ್ಪತ್ರೆಗೆ ಓಡಿ.