ಪ್ರಿಂಟ್ ಮಾಡಿ ಅಲ್ಲೇ ಕೊರೆಯುವ ಯಂತ್ರ: ಚಿಕ್ಕಮಗಳೂರಿನ ವರ್ಕ್‌ಶಾಪ್‌ನಿಂದ ಒಂದು ವಿಮರ್ಶೆ

ತ್ರೀಡಿ ಪ್ರಿಂಟಿಂಗ್ ಮತ್ತು ಸಿಎನ್‌ಸಿ ಮಿಲ್ಲಿಂಗ್ (ಕಂಪ್ಯೂಟರ್ ಹೇಳಿದಂತೆ ತಿರುಗುವ ಕಟರ್‌ನಿಂದ ಕೊರೆಯುವುದು) ಎರಡನ್ನೂ ತಲೆ ಬದಲಿಸಿ ಮಾಡುವ, ಮೇಜಿನ ಮೇಲೆ ಕೂರುವ ಯಂತ್ರವನ್ನು ಕೊಳ್ಳಬಹುದೇ ಎಂದು ಮೂಡಿಗೆರೆ, ಆಲ್ದೂರು ಕಡೆಯ ಹಲವರು ಕೇಳುತ್ತಿರುತ್ತಾರೆ. ಎರಡು ಯಂತ್ರದ ದುಡ್ಡು ಉಳಿಯುತ್ತದೆಂಬ ಲೆಕ್ಕದಲ್ಲಾದರೆ ಬೇಡ. ಪ್ರಿಂಟ್ ಗಂಟೆಗಟ್ಟಲೆ ನಡೆಯುವಾಗ ಮಿಲ್ಲಿಂಗ್ ತಲೆ ಕಪಾಟಿನಲ್ಲಿರುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಬಿಡಿಭಾಗಕ್ಕಾಗಿ ತೋಟದವರು ಬಾಗಿಲಲ್ಲೇ ನಿಂತಿರುವಾಗ ಇದು ನಿಜಕ್ಕೂ ಕಷ್ಟ.

ಈ ಯಂತ್ರದ ನಿಜವಾದ ಉಪಯೋಗ ತಿಳಿಯುವುದು 6202 ನಂಬರಿನ ಬೇರಿಂಗ್‌ನ ಹೌಸಿಂಗ್ (ಬೇರಿಂಗ್ ಕೂರುವ ಗೂಡು) ಮಾಡುವಾಗ. ಬೇರಿಂಗ್‌ನ ಹೊರವ್ಯಾಸ 35 ಮಿ.ಮೀ. ಪ್ರಿಂಟ್ ಆದ ರಂಧ್ರ ಸಾಮಾನ್ಯವಾಗಿ ತುಸು ಕಿರಿದಾಗಿ, ಪದರಗಳ ಗೀರಿನೊಂದಿಗೆ ಬರುತ್ತದೆ. ಬೇರಿಂಗನ್ನು ಬಡಿದು ಕೂರಿಸಿದರೆ ಹೌಸಿಂಗ್ ಪದರದ ಗುಂಟ ಸೀಳುತ್ತದೆ. ಹಾಗಾಗಿ ರಂಧ್ರವನ್ನು 34.4ಕ್ಕೆ ಪ್ರಿಂಟ್ ಮಾಡಿ, ತುಣುಕನ್ನು ಅದು ಕೂತಿರುವ ಬೆಡ್‌ನಿಂದ ಎಬ್ಬಿಸದೆ ತಲೆ ಬದಲಿಸಿ, ಅಳತೆಗೆ ಕೊರೆಯುತ್ತೇನೆ. ಬೋಲ್ಟ್ ರಂಧ್ರಗಳೂ ಅದೇ ಸರದಿಯಲ್ಲಿ ಆಗುವುದರಿಂದ ಕೇಂದ್ರದಿಂದ ಅವುಗಳ ಅಂತರ ಕೆಡುವುದಿಲ್ಲ. ಬೇರಿಂಗ್ ಹೆಬ್ಬೆರಳಿನ ಒತ್ತಡಕ್ಕೆ ಒಳಗಿಳಿದು ಅಲ್ಲಾಡದೆ ನಿಲ್ಲುತ್ತದೆ. ಎಬ್ಬಿಸಿ ಲೇತ್‌ಗೆ ಕಟ್ಟಿ ಮತ್ತೆ ಕೇಂದ್ರ ಹುಡುಕಿದವರಿಗೆ ಇದರ ಸುಖ ಗೊತ್ತು.

ತಲೆ ಬದಲಿಸಿದಾಗ ಶೂನ್ಯಬಿಂದು (ಯಂತ್ರ ಅಳತೆ ಶುರುಮಾಡುವ ಜಾಗ) ಕೂದಲೆಳೆಯಷ್ಟು ಸರಿಯುತ್ತದೆ, ಪ್ರತಿ ಸಲವೂ ಡಯಲ್ ಗೇಜ್ ಹಿಡಿದು ಅದನ್ನು ಸರಿಪಡಿಸಿಕೊಳ್ಳಲೇಬೇಕು. ಪ್ರಿಂಟ್ ಮಾಡುವಾಗ ರಂಧ್ರದ ಗೋಡೆಗೆ ಪ್ಲಾಸ್ಟಿಕ್‌ನ ಆರು ಸುತ್ತಾದರೂ ಕೊಡಿ. ಎರಡೇ ಕೊಟ್ಟರೆ ಕೊರೆದ ಮೇಲೆ ಅರ್ಧ ಮಿಲಿಮೀಟರ್ ಉಳಿದೀತು. ಸಿಂಗಲ್ ಫ್ಲೂಟ್ (ಒಂದೇ ಅಲಗಿನ) ಕಟರ್ ಹಾಕಿ, ಅದನ್ನು ತಿರುಗಿಸುವ ಸ್ಪಿಂಡಲ್‌ನ ವೇಗ ಇಳಿಸಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗಿ ಕಟರ್‌ಗೇ ಮೆತ್ತಿಕೊಳ್ಳುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಮೋಟಾರ್ ಪಕ್ಕದ ಭಾಗಕ್ಕೆ ಹೆಚ್ಚು ಬಿಸಿ ತಾಳುವ ಎಬಿಎಸ್ ಬಳಸಿ.

ಅಲ್ಯೂಮಿನಿಯಂ ಕೊರೆಯುವ ಆಸೆ ಇಟ್ಟುಕೊಳ್ಳಬೇಡಿ. ಕೊರೆಯುತ್ತದೆ, ಆದರೆ ಚೌಕಟ್ಟು ನಡುಗುತ್ತದೆ. ಲೇಸರ್‌ನಿಂದ ಲೋಹದ ಪುಡಿ ಕರಗಿಸಿ ಪದರ ಕಟ್ಟಿ, ಅಲ್ಲೇ ಮಿಲ್ಲಿಂಗ್ ಮಾಡುವ ಡಿಎಂಜಿ ಮೋರಿ ಕಂಪನಿಯ ಲೇಸರ್‌ಟೆಕ್ 65 ಬೇರೆಯೇ ದರ್ಜೆಯದು. ನಾನು ಲೋಹದ ಭಾಗಕ್ಕೆ ನನ್ನ ಮೇಜಿನ ಯಂತ್ರದಲ್ಲಿ ಪ್ಯಾಟರ್ನ್ (ಎರಕದ ಅಚ್ಚು ತೆಗೆಯಲು ಬೇಕಾದ ಮಾದರಿ) ಮಾತ್ರ ಮಾಡುತ್ತೇನೆ: ಅಲ್ಯೂಮಿನಿಯಂ ಆರುವಾಗಿನ ಕುಗ್ಗುವಿಕೆಗೆ ಸುಮಾರು ಶೇ 1.3 ಹೆಚ್ಚಿಸಿ ಪ್ರಿಂಟ್, ಮೇಲ್ಮೈಗೆ ಮಿಲ್ಲಿಂಗ್, ಆಮೇಲೆ ಫೌಂಡ್ರಿಗೆ. ಈ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ನೈಲಾನ್ ಫಿಲಮೆಂಟ್ (ಪ್ರಿಂಟ್ ತಲೆಗೆ ಉಣಿಸುವ ಪ್ಲಾಸ್ಟಿಕ್ ಎಳೆ) ತೇವ ಹೀರಿ ನಳಿಕೆಯಲ್ಲಿ ಚಟಪಟ ಎನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡಿ. ಅದಕ್ಕಿಂತ ದೊಡ್ಡ ತೊಂದರೆ ಕರೆಂಟ್. ಪ್ರಿಂಟ್ ನಡುವೆ ಹೋದರೆ ಬೆಡ್ ತಣ್ಣಗಾಗಿ ತುಣುಕು ಎದ್ದುಬಿಡುತ್ತದೆ. ಮತ್ತೆ ಚಾಲೂ ಮಾಡುವ ಸೌಲಭ್ಯವಿದ್ದರೂ ಹಳೆಯ ಶೂನ್ಯಬಿಂದು ಸಿಗುವುದಿಲ್ಲ. ಯುಪಿಎಸ್ ಖರ್ಚನ್ನು ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.