ಕಾಲಿಗೆ ನೋವು, ಓಟಕ್ಕೆ ರಜೆ ಬೇಡ: ಆಳದ ನೀರು, ಎದೆಮಟ್ಟದ ನೀರು, ನೆಲ

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಆಳದ ನೀರಿನ ಕಡೆಗೆ: ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಪಾದ ತಳಕ್ಕೆ ತಾಗದ ಕಡೆ ನೆಟ್ಟಗೆ ನಿಂತು ಓಡುವುದು. ಅದರ ಎದುರಿಗಿಟ್ಟು ನೋಡುತ್ತಿರುವುದು ಎದೆಮಟ್ಟದ ನೀರಿನಲ್ಲಿ ತಳ ಮೆಟ್ಟಿ ಓಡುವುದನ್ನು ಮತ್ತು ಮಾಮೂಲಿ ನೆಲದ ಓಟವನ್ನು.

ನೆಲದ ಮೇಲೆ ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಹೊರೆ ಕಾಲಿಗೆ ಬೀಳುತ್ತದೆ. ನಿಮಿಷಕ್ಕೆ 160ರಿಂದ 180 ಹೆಜ್ಜೆ ಲೆಕ್ಕ ಹಿಡಿದರೆ ಅರ್ಧ ಗಂಟೆಗೆ ಸುಮಾರು 5,000 ಪೆಟ್ಟು. ನೀರಿಗಿಳಿದು ನಿಂತರೆ ಈ ಲೆಕ್ಕವೇ ಬೇರೆ. ಸೊಂಟದ ತನಕ ನೀರಿದ್ದರೆ ಕಾಲು ಹೊರುವುದು ತೂಕದ ಅರ್ಧದಷ್ಟು, ಎದೆಯ ತನಕ ಇದ್ದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಕುತ್ತಿಗೆಯ ತನಕ ಇದ್ದರೆ ಹತ್ತನೇ ಒಂದು ಭಾಗ. ಆಳದಲ್ಲಿ ತೇಲುವಾಗ ಪೆಟ್ಟೇ ಇಲ್ಲ.

ಪೆಟ್ಟಿಲ್ಲ ಅಂದ ಮಾತ್ರಕ್ಕೆ ಕೆಲಸವೂ ಇಲ್ಲ ಅಂದುಕೊಳ್ಳಬೇಡಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಮತ್ತು ಕಾಲನ್ನು ಎರಡು ಪಟ್ಟು ಜೋರಾಗಿ ಬೀಸಿದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಮಂಡಿ ಮೇಲೆತ್ತುವಾಗಲೂ ಕಾಲು ಹಿಂದಕ್ಕೆ ಒತ್ತುವಾಗಲೂ ತೊಡೆ ಮತ್ತು ಸೊಂಟದ ಸ್ನಾಯುಗಳು ದುಡಿಯುತ್ತವೆ. ನೆಲಕ್ಕೆ ಕಾಲಿಟ್ಟಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುವ ಕೆಲಸ ಮಾತ್ರ ಇಲ್ಲಿಲ್ಲ. ಮರುದಿನ ಮೈಕೈ ನೋವು ಕಡಿಮೆ ಇರುವುದು ಅದಕ್ಕೇ.

ಗಡಿಯಾರ ತೋರಿಸುವ ಹೃದಯ ಬಡಿತ ನಂಬಿದರೆ ಮೋಸ ಹೋಗುತ್ತೀರಿ. ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯತ್ತ ನೂಕುವುದರಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಹಾಕುತ್ತದೆ. ಮೈಬಿಸಿಯನ್ನೂ ನೀರು ಎಳೆದುಕೊಳ್ಳುತ್ತದೆ. ಹೀಗಾಗಿ ಅಷ್ಟೇ ಶ್ರಮಕ್ಕೆ ಬಡಿತ ನಿಮಿಷಕ್ಕೆ 10ರಿಂದ 15ರಷ್ಟು ಕಡಿಮೆ ಬರುವುದು ಸಾಮಾನ್ಯ. ನೆಲದ ಅಂಕಿಯನ್ನು ನೀರಿನಲ್ಲಿ ಅಟ್ಟಿಸಿಕೊಂಡು ಹೋಗಬೇಡಿ. ಶ್ರಮವನ್ನು ಹತ್ತಕ್ಕೆ ಎಷ್ಟು ಎಂದು ಅಳೆಯಿರಿ: ಮಾತಾಡುತ್ತಾ ಓಡಬಹುದಾದರೆ 4, ಎರಡು ಪದಕ್ಕೇ ಉಸಿರು ಕಟ್ಟಿದರೆ 8.

ಈಗ ಬೆಲ್ಟಿನ ವಿಷಯ. ಆಳದ ನೀರಿನ ಓಟ ಬಿಟ್ಟವರಲ್ಲಿ ಬಹಳ ಜನ ಬಿಟ್ಟಿದ್ದು ಇದರ ಕಾಟಕ್ಕೆ. ಬೆಲ್ಟ್ ಮೇಲಕ್ಕೆ ಜಾರುತ್ತದೆ. ಸೊಂಟದಲ್ಲಿ ಕಟ್ಟಿದ್ದು ಹತ್ತು ನಿಮಿಷಕ್ಕೆ ಪಕ್ಕೆಲುಬಿನ ಮೇಲೆ ಕೂತಿರುತ್ತದೆ. ಎದೆಯ ಮೇಲೆ ನೀರಿನ ಒತ್ತಡ ಮೊದಲೇ ಇರುತ್ತದೆ. ಅದರ ಜೊತೆಗೆ ಬೆಲ್ಟೂ ಬಿಗಿದರೆ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಓಡುವವರು ತಮಗೇ ದಮ್ಮು ಸಾಲದು ಅಂದುಕೊಳ್ಳುತ್ತಾರೆ. ಮೇಲೆ ಜಾರಿದ ಬೆಲ್ಟ್ ಎದೆಯನ್ನು ಎತ್ತಿಹಿಡಿದಾಗ ಕಾಲು ಹಿಂದಕ್ಕೆ ತೇಲಿ, ಮೈ ಮುಂದಕ್ಕೆ ಮಲಗಿ, ಓಟ ಹೋಗಿ ಕೈಕಾಲು ಬಡಿಯುವ ಈಜು ಆಗುತ್ತದೆ.

ಜಾರಲು ಕಾರಣ ಸರಳ. ದಡದಲ್ಲಿ ಒಣ ಮೈಗೆ, ಸಡಿಲ ಟೀ ಶರ್ಟಿನ ಮೇಲೆ, ಉಸಿರು ತುಂಬಿಕೊಂಡು ಕಟ್ಟಿರುತ್ತೀರಿ. ನೀರಿಗಿಳಿದ ಮೇಲೆ ಬಟ್ಟೆ ಜಾರುತ್ತದೆ, ಪಟ್ಟಿ ನೆನೆದು ಬಕಲ್‌ನಲ್ಲಿ ಸರಿಯುತ್ತದೆ, ಫೋಮ್ ಅಂತೂ ಸದಾ ಮೇಲಕ್ಕೇ ನೂಕುತ್ತಿರುತ್ತದೆ. ಮೈಗಂಟಿದ ಈಜುಡುಗೆಯ ಮೇಲೆ ಮಾತ್ರ ಕಟ್ಟಿ. ಬೆಲ್ಟಿನ ಕೆಳ ಅಂಚು ಸೊಂಟದ ಮೂಳೆಯ ಮೇಲೆ ಕೂರಬೇಕು. ನೀರಿಗಿಳಿದು, ಒಂದು ಕೈಯಲ್ಲಿ ಗೋಡೆ ಹಿಡಿದು, ಉಸಿರು ಪೂರ್ತಿ ಬಿಟ್ಟು ಬಿಗಿಯಿರಿ. ಎರಡು ಬೆರಳು ಕಷ್ಟದಲ್ಲಿ ತೂರಿದರೆ ಸಾಕು. ಐದು ನಿಮಿಷ ಓಡಿ ಇನ್ನೊಮ್ಮೆ ಬಿಗಿಯಿರಿ, ಇದನ್ನು ತಪ್ಪಿಸಬೇಡಿ.

ಅಳತೆಯನ್ನೂ ಪರೀಕ್ಷಿಸಿ. ಕೈಕಾಲು ಆಡಿಸದೆ ತೇಲಿದಾಗ ನೀರು ಭುಜದ ಮಟ್ಟಕ್ಕಿರಬೇಕು. ಎದೆ ಹೊರಗೆ ಬಂದರೆ ಫೋಮ್ ಜಾಸ್ತಿಯಾಯಿತು. ತೆಗೆಯಬಹುದಾದ ತುಂಡುಗಳಿದ್ದರೆ ಒಂದೊಂದಾಗಿ ತೆಗೆಯಿರಿ. ಮೈ ಮುಂದಕ್ಕೆ ಮುಗ್ಗರಿಸಿದರೆ ಬೆನ್ನ ಹಿಂದಿನ ಫೋಮನ್ನು ಪಕ್ಕಕ್ಕೆ ಸರಿಸಿ. ಒಂದು ಎಚ್ಚರಿಕೆ: ಇದು ಪ್ರಾಣರಕ್ಷಕ ಜಾಕೆಟ್ ಅಲ್ಲ. ಈಜು ಬಾರದವರು ಒಬ್ಬರೇ ಆಳಕ್ಕೆ ಹೋಗಕೂಡದು.

ಭಂಗಿಯಲ್ಲಿ ಕೆಡುವುದು ಹೆಚ್ಚಾಗಿ ಕೈ. ಅಂಗೈ ಬಿಡಿಸಿ ನೀರು ಬಾಚಿದರೆ ಮುಂದಕ್ಕೆ ಸಾಗುತ್ತೀರಿ, ಕಾಲಿಗೆ ಕೆಲಸ ತಪ್ಪುತ್ತದೆ. ಮುಷ್ಟಿ ಸಡಿಲವಾಗಿ ಮಡಚಿ, ಹೆಬ್ಬೆರಳು ಮೇಲಿರಲಿ. ಮೈ ತುಸುವೇ ಮುಂದಕ್ಕೆ ವಾಲಿರಲಿ. ಅಂಗುಲ ಅಂಗುಲವಾಗಿ ಸಾಗುತ್ತಿದ್ದರೆ ಸರಿಯಾಗಿಯೇ ಓಡುತ್ತಿದ್ದೀರಿ.

ಎದೆಮಟ್ಟದ ನೀರು ನನಗೆ ಹಿಡಿಸಲಿಲ್ಲ. ಎದೆಗೆ ಬೀಳುವ ತಡೆಗೆ ಮೈ ಬಾಗುತ್ತದೆ, ತುದಿಗಾಲಿನ ಓಟವಾಗುತ್ತದೆ, ಒರಟು ತಳ ಅಂಗಾಲಿನ ಚರ್ಮ ಕೀಳುತ್ತದೆ. ನೀರಿನ ಶೂ ಇಲ್ಲದೆ ಇಳಿಯಬೇಡಿ. ಆಳಕ್ಕೆ ಹೆದರುವವರಿಗೆ ಇದೇ ದಾರಿ.

ನೆಲದ ಓಟ ಗೆಲ್ಲುವುದು ಮೂಳೆಯ ವಿಷಯದಲ್ಲಿ, ಅದೂ ಸ್ಪಷ್ಟವಾಗಿ. ಮೂಳೆ ಗಟ್ಟಿಯಾಗಲು ಪೆಟ್ಟು ಬೇಕು, ಅದನ್ನು ನೀರು ಕೊಡುವುದಿಲ್ಲ.

ಖರ್ಚು ನೋಡಿದರೆ ಬೆಲ್ಟ್ ವರ್ಷಗಟ್ಟಲೆ ಬರುತ್ತದೆ, ಶೂ 500ರಿಂದ 800 ಕಿಲೋಮೀಟರಿಗೆ ಸವೆಯುತ್ತದೆ. ಈಜುಕೊಳದ ಶುಲ್ಕವೇ ಭಾರ. ಆದ್ದರಿಂದ ವಾರಕ್ಕೆ ಮೂರು ದಿನ ಓಡುವ, ನೋವಿಲ್ಲದ ಜನ ನೆಲದಲ್ಲೇ ಇರಲಿ. ನಾಲ್ಕೈದು ದಿನ ಓಡಿ ಮಂಡಿಯೋ ಮುಂಗಾಲೋ ಗೊಣಗುತ್ತಿದ್ದರೆ ಒಂದೆರಡು ದಿನವನ್ನು ಆಳದ ನೀರಿಗೆ ಬದಲಿಸಿ: ಹತ್ತು ನಿಮಿಷ ನಿಧಾನ, ಆಮೇಲೆ ಎರಡು ನಿಮಿಷದ ಜೋರು ಓಟ ಎಂಟು ಸಲ, ನಡುವೆ 30 ಸೆಕೆಂಡ್ ಮಾತ್ರ ಬಿಡುವು. ನೀರಿನಲ್ಲಿ ಬಡಿತ ಬೇಗ ಇಳಿಯುವುದರಿಂದ ಬಿಡುವು ಉದ್ದವಾದರೆ ಮಾಡಿದ್ದೆಲ್ಲ ಹಗುರಾಗುತ್ತದೆ. ನೀರಿನಲ್ಲೂ ಬೆವರುತ್ತೀರಿ, ಮೂತ್ರವೂ ಹೆಚ್ಚು ಬರುತ್ತದೆ, ಬಾಟಲಿ ದಡದಲ್ಲಿರಲಿ.

ಗಾಯದಿಂದಾಗಿ ಪೂರ್ತಿ ನೀರಿಗೇ ಬಂದವರು ನಾಲ್ಕರಿಂದ ಆರು ವಾರ ದಮ್ಮನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಆದರೆ ಅಷ್ಟು ದಿನ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ಭಾರ ಬಿದ್ದಿರುವುದಿಲ್ಲ. ದಮ್ಮಿದೆ ಎಂದು ನೆಲಕ್ಕೆ ಬಂದ ದಿನವೇ ಹಳೆಯ ವೇಗ ಹಿಡಿದರೆ ಮೊದಲು ಕೈಕೊಡುವುದು ಅವೇ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷದಿಂದ ಶುರುಮಾಡಿ, ಒಂದು ದಿನ ಬಿಟ್ಟು ಒಂದು ದಿನ.