ಹಡಗು ನಿಂತ ಒಂದು ಹಗಲು: ರೋಮ್ ತೋರಿಸಿದ ಗೈಡ್ ಸೇವೆಯ ಬಗ್ಗೆ ವಿಜಯಪುರದ ಒಂದು ಕುಟುಂಬದ ಅನುಭವ

ಕ್ರೂಸ್ ಕಂಪನಿಗಳ ವೇಳಾಪಟ್ಟಿಯಲ್ಲಿ ‘ರೋಮ್’ ಎಂದು ಅಚ್ಚಾಗಿರುವ ನಿಲ್ದಾಣ ನಿಜವಾಗಿ ರೋಮ್‌ನಲ್ಲಿಲ್ಲ. ಹಡಗು ಬಂದು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಊರಿನಲ್ಲಿ. ಸಾಮ್ರಾಟ ಟ್ರಾಜನ್ 2ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಈ ಬಂದರಿನಿಂದ ರೋಮ್ ನಗರಕ್ಕೆ ಸುಮಾರು 75 ಕಿಲೋಮೀಟರ್ ದೂರವಿದೆ; ಅಂದರೆ ವಿಜಯಪುರದಿಂದ ಆಲಮಟ್ಟಿಗೆ ಹೋಗಿ ಇನ್ನೂ ಸ್ವಲ್ಪ ಮುಂದೆ ಹೋದಷ್ಟು. ಬೆಳಿಗ್ಗೆ ಏಳಕ್ಕೆ ನಿಂತ ನಮ್ಮ ಹಡಗು ಸಂಜೆ ಆರೂವರೆಗೆ ಹೊರಡುವುದಿತ್ತು, ಪ್ರಯಾಣಿಕರೆಲ್ಲರೂ ಆರು ಗಂಟೆಯೊಳಗೆ ಹತ್ತಿರಬೇಕೆಂಬ ಕಟ್ಟಪ್ಪಣೆಯಿತ್ತು. ಹೋಗಿ ಬರುವುದಕ್ಕೇ ಮೂರು ತಾಸು ಕಳೆದರೆ ಊರು ನೋಡಲು ಉಳಿಯುವುದು ಆರೇಳು ತಾಸು ಮಾತ್ರ ಎಂಬುದನ್ನು ಹೋಗುವವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ನಾವು ಐದು ಜನ: ಮೊಳಕಾಲು ನೋವಿರುವ 72 ವರ್ಷದ ನಮ್ಮ ಅವ್ವ, ನಾನು, ನನ್ನ ಹೆಂಡತಿ, 16 ವರ್ಷದ ಮಗಳು ಮತ್ತು 11 ವರ್ಷದ ಮಗ. ಹಡಗಿನವರೇ ಏರ್ಪಡಿಸುವ ಬಸ್ ಪ್ರವಾಸವನ್ನು ಆರಿಸಿಕೊಂಡರೆ ಬಸ್ಸು ತಡವಾದರೂ ಹಡಗು ಕಾಯುತ್ತದೆ ಎಂಬ ದೊಡ್ಡ ಅನುಕೂಲವಿದೆ. ಆದರೆ ಅಂಗಿಗೆ ನಂಬರಿನ ಚೀಟಿ ಅಂಟಿಸಿಕೊಂಡು, ಕೋಲಿನ ಮೇಲೆ ಎತ್ತಿ ಹಿಡಿದ ಬಾವುಟದ ಹಿಂದೆ ನಲವತ್ತೈವತ್ತು ಜನರೊಡನೆ ಅವರ ವೇಗಕ್ಕೆ ಸರಿಯಾಗಿ ನಡೆಯುವುದು ಅವ್ವನಿಂದ ಆಗದ ಮಾತು. ರೈಲಿನಲ್ಲಿ ಹೋದರೆ ಖರ್ಚು ತೀರ ಕಡಿಮೆ, ಆದರೆ ಇಳಿದ ಮೇಲೆ ಮತ್ತೆ ನಡಿಗೆಯೇ. ಆದ್ದರಿಂದ ರೋಮ್‌ನ ಒಂದು ಸಣ್ಣ ಖಾಸಗಿ ಸಂಸ್ಥೆಯಿಂದ ಚಾಲಕನ ಸಹಿತ ವ್ಯಾನ್ ಮತ್ತು ಒಬ್ಬ ಗೈಡ್‌ರನ್ನು ಗೊತ್ತು ಮಾಡಿದೆವು. ನಾವು ಕೊಟ್ಟದ್ದು 780 ಯೂರೋ, ಅದರ ಹೊರತಾಗಿ ಪ್ರವೇಶ ಟಿಕೆಟ್. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥ ಸೇವೆಯಲ್ಲಿ ಬೋರ್ಡಿನ ಮೇಲಿನ ಹೆಸರಿಗಿಂತ ಆ ದಿನ ನಿಮ್ಮ ಪಾಲಿಗೆ ಬರುವ ಗೈಡ್ ಯಾರು ಎಂಬುದೇ ಹೆಚ್ಚು ಮುಖ್ಯ ಎಂದು ನನಗೆ ಮನವರಿಕೆಯಾಗಿದೆ.

ಇಟಲಿಯಲ್ಲಿ ಸ್ಮಾರಕಗಳ ಒಳಗೆ ನಿಂತು ವಿವರಿಸುವುದಕ್ಕೆ ಸರ್ಕಾರದ ಪರವಾನಗಿ ಇರಬೇಕು. ಚಾಲಕನಿಗೆ ಎಷ್ಟೇ ತಿಳಿದಿದ್ದರೂ ಅವನು ವ್ಯಾನಿನ ಬಳಿಯೇ ನಿಲ್ಲಬೇಕು. ‘ಇಂಗ್ಲಿಷ್ ಬಲ್ಲ ಚಾಲಕ ಇಡೀ ದಿನ, ಗೈಡ್ ಮೂರು ತಾಸು’ ಎಂಬ ಸಾಲು ಸಂಸ್ಥೆಯ ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬ್ಯಾಂಕಿನಲ್ಲಿ 22 ವರ್ಷ ಬೇರೆಯವರ ಸಾಲದ ಕಾಗದಗಳನ್ನು ಅಕ್ಷರ ಬಿಡದೆ ಓದಿದ ನಾನು ಈ ಒಂದು ಸಾಲನ್ನು ಓದದೆ ಹಣ ಕಳಿಸಿದ್ದೆ. ಅದರ ಫಲವನ್ನು ಮಧ್ಯಾಹ್ನ ಉಂಡೆವು.

ಗೈಡ್ ನಮಗೆ ಸಿಕ್ಕಿದ್ದು ಕೊಲೋಸಿಯಂನ ಎದುರಿಗೆ, ಒಂಬತ್ತೂ ಮುಕ್ಕಾಲಿಗೆ. ಐವತ್ತು ದಾಟಿದ ಹೆಣ್ಣುಮಗಳು. ಕೊರಳಲ್ಲಿ ಪರವಾನಗಿಯ ಬಿಲ್ಲೆ, ಕಾಲಲ್ಲಿ ಸವೆದ ಕ್ಯಾನ್ವಾಸ್ ಬೂಟು. ಸಂಸ್ಥೆ ಕಳಿಸಿದ್ದ ಪಟ್ಟಿಯಲ್ಲಿ ಹನ್ನೊಂದು ಸ್ಥಳಗಳಿದ್ದವು. ಅವ್ವ ವ್ಯಾನಿನ ಮೆಟ್ಟಿಲಿನಿಂದ ಒಂದೊಂದೇ ಕಾಲು ಇಟ್ಟು ಇಳಿಯುವುದನ್ನು ಅವರು ಸುಮ್ಮನೆ ನಿಂತು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಪಟ್ಟಿಯನ್ನು ಕೇಳಿ ಪಡೆದು, ಪೆನ್ನಿನಿಂದ ಆರು ಹೆಸರುಗಳ ಮೇಲೆ ಗೆರೆ ಎಳೆದು, ಉಳಿದ ಐದನ್ನು ಮಾತ್ರ ನೋಡೋಣ ಎಂದರು. ಕೊಟ್ಟ ಹಣಕ್ಕೆ ಅರ್ಧ ಊರು ಹೋಯಿತಲ್ಲ ಎಂದು ಆ ಕ್ಷಣ ನನಗೆ ಚುರುಕ್ಕೆಂದದ್ದು ನಿಜ. ಆದರೆ ಇಡೀ ದಿನದಲ್ಲಿ ಈ ಸೇವೆಯಿಂದ ನಮಗೆ ಆದ ಅತಿ ದೊಡ್ಡ ಉಪಕಾರ ಆ ಆರು ಗೆರೆಗಳೇ. ರೋಮ್‌ನ ಹಳೆಯ ಬೀದಿಗಳಿಗೆ ಹಾಸಿರುವುದು ಕರಿಯ ಬಸಾಲ್ಟಿನ ಸಣ್ಣ ಕಲ್ಲುಗಳು. ನೋಡಲು ಚೆಂದ, ನೋವಿನ ಕಾಲಿಗೆ ಶಿಕ್ಷೆ. ಹನ್ನೊಂದು ಸ್ಥಳಗಳಿಗೆ ಹೊರಟಿದ್ದರೆ ಮೂರನೆಯದಕ್ಕೇ ಅವ್ವ ಕುಳಿತುಬಿಡುತ್ತಿದ್ದಳು.

ಕೊಲೋಸಿಯಂನ ಟಿಕೆಟ್‌ಗಳು ಹೆಸರು ಮತ್ತು ಸಮಯ ನಮೂದಾಗಿ ಬರುತ್ತವೆ, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ನಾವು ಹೋದಾಗ ದೊಡ್ಡವರಿಗೆ 18 ಯೂರೋ ಇತ್ತು, 18 ವರ್ಷದೊಳಗಿನವರಿಗೆ ಹಣವಿರಲಿಲ್ಲ. ನಡೆಯಲಾಗದವರಿಗೆ ಒಳಗೆ ಲಿಫ್ಟ್ ಇದೆ ಎಂಬುದು ನಮಗೆ ತಿಳಿದಿರಲಿಲ್ಲ. ಗೈಡ್ ನೇರವಾಗಿ ಅಲ್ಲಿಗೇ ಕರೆದೊಯ್ದರು. ಎರಡು ಸಾವಿರ ವರ್ಷಗಳ ಹಿಂದೆ ನೆಲಮಾಳಿಗೆಯಿಂದ ಕಾಡುಪ್ರಾಣಿಗಳನ್ನು ಅಖಾಡಕ್ಕೆ ಏರಿಸಲು ಇಲ್ಲಿ ಕಟ್ಟಿಗೆಯ ಲಿಫ್ಟ್‌ಗಳಿದ್ದವು, ಅವುಗಳನ್ನು ಆಳುಗಳು ಹಗ್ಗದಿಂದ ಎಳೆಯುತ್ತಿದ್ದರು ಎಂದು ಅವರು ಲಿಫ್ಟಿನೊಳಗೇ ಹೇಳಿದ್ದು ಮಕ್ಕಳಿಗೆ ಬಹಳ ಹಿಡಿಸಿತು. ವೆಸ್ಪಾಸಿಯನ್ ಆರಂಭಿಸಿ, ಮಗ ಟೈಟಸ್ ಕ್ರಿ.ಶ. 80ರಲ್ಲಿ ತೆರೆದ ಈ ಕಟ್ಟಡದ ಇತಿಹಾಸವನ್ನು ಅವರು ಎರಡೇ ಮಾತಿನಲ್ಲಿ ಮುಗಿಸಿದರು. ಹೊರಗಿನ ಕಮಾನುಗಳ ಮೇಲೆ ಕೆತ್ತಿರುವ ರೋಮನ್ ಅಂಕಿಗಳನ್ನು ಓದುವ ಕೆಲಸವನ್ನು ಮಗನಿಗೆ ಹಚ್ಚಿದರು. ಎಲ್, ಐ, ಐ ಎಂದು ಕೊರೆದ ಕಮಾನಿನ ಕೆಳಗೆ ಅವನು ಬೆರಳು ಮಡಚಿ ಎಣಿಸಿ ‘52’ ಎಂದಾಗ, ಅದೇ ಆಗಿನ ಪ್ರೇಕ್ಷಕನ ಗೇಟ್ ನಂಬರ್ ಎಂದು ವಿವರಿಸಿದರು. ಗೋಡೆಯ ತುಂಬ ಇರುವ ತೂತುಗಳು ಗುಂಡಿನ ಗುರುತೇ ಎಂದು ಮಗಳು ಕೇಳಿದಳು. ಅಲ್ಲ, ಕಲ್ಲುಗಳನ್ನು ಗಾರೆಯಿಲ್ಲದೆ ಕಬ್ಬಿಣದ ಕೊಂಡಿಗಳಿಂದ ಬಂಧಿಸಿದ್ದರು, ಮುಂದಿನ ಕಾಲದ ಜನ ಆ ಕಬ್ಬಿಣಕ್ಕಾಗಿ ಗೋಡೆಯನ್ನು ಕೊರೆದರು.

ಅಲ್ಲಿಂದ ಹೊರಬಂದಾಗ ಬಾಯಾರಿಕೆಯಾಗಿತ್ತು. ರೋಮ್‌ನ ಬೀದಿಬೀದಿಗಳಲ್ಲಿ ಸೊಂಟದೆತ್ತರದ ಎರಕದ ಕಬ್ಬಿಣದ ಕುಡಿಯುವ ನೀರಿನ ನಲ್ಲಿಗಳಿವೆ. ಸೊಂಡಿಲಿನಂತೆ ಬಾಗಿದ ಕೊಳವೆಯ ಕಾರಣದಿಂದ ಅವುಗಳನ್ನು ಅಲ್ಲಿನವರು ‘ದೊಡ್ಡ ಮೂಗು’ ಎಂಬ ಅರ್ಥದ ‘ನಸೋನೆ’ ಎಂಬ ಹೆಸರಿನಿಂದ ಕರೆಯುತ್ತಾರೆ. ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಗೈಡ್ ಇದನ್ನು ತೋರಿಸಿದ ಮರುಕ್ಷಣ ಮಗ ಜೋರಾಗಿ ಒತ್ತಿ ತನ್ನ ಅಕ್ಕನ ಮುಖಕ್ಕೆ ನೀರು ಹಾರಿಸಿದ್ದನ್ನು ಬೇರೆ ಹೇಳಬೇಕಿಲ್ಲ. ಅವ್ವನ ಕಣ್ಣು ಮಾತ್ರ ಬೇರೆಡೆಗಿತ್ತು. ಆ ನಲ್ಲಿಗೆ ತಿರುವುವ ಕೀಲಿಯೇ ಇಲ್ಲ, ನೀರು ಸದಾ ಹರಿಯುತ್ತಲೇ ಇರುತ್ತದೆ. “ಹಿಂಗ ಹಗಲೂ ರಾತ್ರಿ ನೀರು ಸುಮ್ನ ಹರದು ಹೋದ್ರ ಯಾರೂ ಏನೂ ಅನ್ನೂದಿಲ್ಲೇನು?” ಎಂದು ಕೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ನೀರು ನಿಂತರೆ ಕೊಳವೆಯಲ್ಲಿ ಕೆಡುತ್ತದೆ, ಹರಿಯುತ್ತಿದ್ದರೆ ತಾಜಾ ಇರುತ್ತದೆ ಎಂದು ಗೈಡ್ ಉತ್ತರಿಸಿದರು. ಆದಿಲ್‌ಶಾಹಿಗಳು ನಮ್ಮೂರಿಗೂ ನೆಲದಡಿಯ ಸುರಂಗದಲ್ಲಿ ನೀರು ತಂದಿದ್ದರು ಎಂದು ನಾನು ಹೇಳಿದಾಗ ಅವರು ನಿಜವಾದ ಕುತೂಹಲದಿಂದ ನಾಲ್ಕಾರು ಪ್ರಶ್ನೆ ಕೇಳಿದರು. ಆದರೆ ಟ್ಯಾಂಕರಿಗೆ ಕೊಡ ಹಚ್ಚಿ ನಿಂತು ಗೊತ್ತಿದ್ದ ಅವ್ವನಿಗೆ ಅವರ ಉತ್ತರದಿಂದ ಸಮಾಧಾನವಾಗಲಿಲ್ಲ.

ಹಳೆಯ ರೋಮ್‌ನ ನಡುಚೌಕದ ಅವಶೇಷವಾದ ರೋಮನ್ ಫೋರಂ ಅನ್ನು ನಾವು ನಡೆದು ನೋಡಲಿಲ್ಲ. ಕ್ಯಾಪಿಟೋಲಿನ್ ಗುಡ್ಡದ ಹಿಂಬದಿಯ ಕಟ್ಟೆಯ ಬಳಿ ನಿಂತು ಮೇಲಿನಿಂದಲೇ ಇಡೀ ಹರವನ್ನು ಇಪ್ಪತ್ತು ನಿಮಿಷ ನೋಡಿದೆವು, ಅಷ್ಟು ಸಾಕಾಯಿತು.

ಉಳಿಸಿದ ಹೊತ್ತನ್ನೆಲ್ಲ ಗೈಡ್ ಪ್ಯಾಂಥಿಯನ್ ಎಂಬ ಗುಮ್ಮಟದ ಹಳೆಯ ರೋಮನ್ ದೇಗುಲಕ್ಕೆ ಕೊಟ್ಟರು. ನಾವು ಗುಮ್ಮಟದ ಊರಿನವರು ಎಂದು ಬೆಳಿಗ್ಗೆ ಮಾತಿನಲ್ಲಿ ಹೇಳಿದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. 5 ಯೂರೋ ಟಿಕೆಟ್ ಕೊಂಡು ಹದಿನಾರು ಬೃಹತ್ ಕಂಬಗಳ ಮುಖಮಂಟಪ ದಾಟಿಸಿ ಒಳಗೆ ಕರೆದುಕೊಂಡು ಹೋದ ಮೇಲೆ ಎರಡು ನಿಮಿಷ ಅವರು ಒಂದು ಮಾತನ್ನೂ ಆಡಲಿಲ್ಲ. ಗುಮ್ಮಟದ ನೆತ್ತಿಯಲ್ಲಿ ಎಂಟೊಂಬತ್ತು ಮೀಟರ್ ಅಗಲದ ತೆರೆದ ಕಿಂಡಿಯಿದೆ. ಮೇ ತಿಂಗಳ ಕೊನೆಯ ಮಧ್ಯಾಹ್ನದ ಬಿಸಿಲು ಅದರಿಂದ ಇಳಿದು ಬಾಗಿಲ ಸಮೀಪ ನೆಲದ ಮೇಲೆ ದುಂಡಗೆ ಬಿದ್ದಿತ್ತು. ಅವ್ವ ಹೋಗಿ ಆ ಬೆಳಕಿನ ಅಂಚಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಳು, ನೀರಿನಲ್ಲಿ ಕಾಲಿಡುವವಳಂತೆ. ಮಳೆ ಬಂದರೆ ಅದೂ ಇದೇ ದಾರಿಯಿಂದ ಒಳಗೆ ಬರುತ್ತದೆ. ನೀರು ಇಂಗಿಹೋಗಲು ನೆಲದ ಹಾಸುಗಲ್ಲಿನಲ್ಲಿ ಕೊರೆದ ಸಣ್ಣ ತೂತುಗಳನ್ನು ಗೈಡ್ ಬಗ್ಗಿ ಬೆರಳಿಟ್ಟು ತೋರಿಸಿದರು.

ಅಳತೆಯ ಮಾತು ಬಂದೇ ಬಂತು. ನಮ್ಮ ಗೋಳಗುಮ್ಮಟ ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ, ಮೊದಲನೆಯದು ರೋಮ್‌ನ ಸೇಂಟ್ ಪೀಟರ್ಸ್ ಚರ್ಚಿನದು ಎಂದು ಕೇಳುತ್ತಲೇ ಬೆಳೆದವರು ನಾವು. ಪ್ಯಾಂಥಿಯನ್ ಗುಮ್ಮಟದ ಒಳವ್ಯಾಸ 43.3 ಮೀಟರ್, ನೆಲದಿಂದ ಕಿಂಡಿಗೂ ಅಷ್ಟೇ ಎತ್ತರ; ಸೇಂಟ್ ಪೀಟರ್ಸ್‌ನ ಒಳವ್ಯಾಸ ಸುಮಾರು 41.5 ಮೀಟರ್. ಗೋಳಗುಮ್ಮಟದ ಹೊರವ್ಯಾಸ 44 ಮೀಟರ್ ಇದ್ದರೂ ಒಳಗೆ ಸಿಗುವುದು ಸುಮಾರು 38. ಹೀಗಾಗಿ ಸಾಮ್ರಾಟ ಹೇಡ್ರಿಯನ್‌ನ ಕಾಲದಲ್ಲಿ, ಅಂದರೆ ನಮ್ಮ ಗುಮ್ಮಟಕ್ಕಿಂತ ಸಾವಿರದ ಐನೂರು ವರ್ಷ ಮೊದಲು, ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನಲ್ಲಿ ಕಟ್ಟಿದ ಈ ಗುಮ್ಮಟ ಇವೆರಡಕ್ಕಿಂತಲೂ ದೊಡ್ಡದು. ಮಗಳು ಇದನ್ನು ಮೊಬೈಲ್‌ನಲ್ಲಿ ತಾಳೆ ನೋಡಿ ಅಜ್ಜಿಗೆ ಹೇಳಿದಾಗ ಅವ್ವ ಸೋಲೊಪ್ಪಲಿಲ್ಲ. ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟು ನಿಂತು, “ನಮ್ಮ ಗೋಳಗುಮ್ಮಟದಾಗ ಒಂದ್ ಸರ್ತಿ ಕೂಗಿದ್ರ ಏಳ್ ಸರ್ತಿ ತಿರುಗಿ ಬರ್ತೈತಿ. ಇಲ್ಲಿ ಯಾಕ ಒಂದೂ ಬರವಲ್ದು?” ಎಂದು ಕೇಳಿದಳು. ಅಷ್ಟರಲ್ಲಿ ಸದ್ದು ಮಾಡಬಾರದೆಂಬ ಧ್ವನಿವರ್ಧಕದ ಸೂಚನೆ ಬಂತು. ಏಳನೆಯ ಶತಮಾನದಿಂದಲೂ ಇದು ಚರ್ಚು. ಗೈಡ್ ಆ ಪ್ರಶ್ನೆಗೆ ನಗಲಿಲ್ಲ. ಗುಮ್ಮಟದ ಒಳಮೈಯಲ್ಲಿ ಐದು ಸಾಲಾಗಿ, ಸಾಲಿಗೆ ಇಪ್ಪತ್ತೆಂಟರಂತೆ ಕೊರೆದ ಚೌಕ ಗೂಡುಗಳನ್ನು ತೋರಿಸಿ, ಇವು ಸದ್ದನ್ನು ಚೆದುರಿಸುತ್ತವೆ, ಉಳಿದದ್ದು ಕಿಂಡಿಯಿಂದ ಹೊರಗೆ ಹೋಗುತ್ತದೆ, ನಿಮ್ಮ ಗುಮ್ಮಟದ ಒಳಮೈ ಹೇಗಿದೆ ಎಂದು ತಿರುಗಿ ಕೇಳಿದರು. ನುಣ್ಣಗೆ ಗಾರೆ ಹಚ್ಚಿದ್ದು, ಕಿಂಡಿಯಿಲ್ಲ ಎಂದೆ. ಒಂದನ್ನೊಂದು ಹಾಯುವ ಎಂಟು ಕಮಾನುಗಳ ಮೇಲೆ ಗುಮ್ಮಟ ನಿಂತಿರುವ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿದಾಗ ಅವರು ಬಹಳ ಹೊತ್ತು ದೊಡ್ಡದು ಮಾಡಿ ನೋಡಿದರು. ನಮ್ಮೂರ ಹೆಸರಿನ ಕಾಗುಣಿತ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಅವರ ಮೂರು ತಾಸು ಮುಗಿದಿತ್ತು.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಂಸ್ಥೆ ಸೂಚಿಸಿದ್ದ ಹೋಟೆಲಿನಲ್ಲಿ ಸಸ್ಯಾಹಾರವೆಂದರೆ ಚೀಸ್ ಸುರಿದ ಪಾಸ್ತಾ ಮಾತ್ರ. ಪಾರ್ಮಿಜಾನೋ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನ್ನೆಟ್ ಬಳಸುತ್ತಾರೆ ಎಂದು ಗೈಡ್ ಮೊದಲೇ ಎಚ್ಚರಿಸಿದ್ದರಿಂದ ನಾವು ಅಲ್ಲಿಂದ ಎದ್ದುಬಂದೆವು. ಅವರೇ ಹೇಳಿದ್ದ ಓಣಿಯೊಂದರ ಅಂಗಡಿಯಲ್ಲಿ ಬರೀ ಟೊಮ್ಯಾಟೊ ಸವರಿದ ಕೆಂಪು ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ, ತಕ್ಕಡಿಯಲ್ಲಿ ತೂಗಿ ಕೊಟ್ಟರು. ಅವ್ವ ಅದಕ್ಕೆ ಚೀಲದಿಂದ ಶೇಂಗಾ ಹಿಂಡಿ ತೆಗೆದು ಉದುರಿಸಿಕೊಂಡಳು.

ಮಧ್ಯಾಹ್ನದ ನಂತರದ ಭಾಗಕ್ಕೆ ಇಷ್ಟೇ ಒಳ್ಳೆಯ ಮಾತು ಬರೆಯಲಾರೆ. ಟ್ರೆವಿ ಕಾರಂಜಿಯಲ್ಲಿ ಜನಜಂಗುಳಿಯ ನಡುವೆ ಮಕ್ಕಳು ಎಡಹೆಗಲ ಮೇಲಿಂದ ನಾಣ್ಯ ಎಸೆದದ್ದಷ್ಟೇ ನೆನಪು. ಸೇಂಟ್ ಪೀಟರ್ಸ್‌ನಲ್ಲಿ ತಪಾಸಣೆಯ ಸಾಲು ಕಂಬಸಾಲಿನುದ್ದಕ್ಕೂ ಬಳಸಿ ನಿಂತಿತ್ತು, ಒಳಗೆ ಹೋಗುವ ಆಸೆ ಬಿಟ್ಟೆವು. ಬರ್ನಿನಿ ವಿನ್ಯಾಸದ ಆ ಚೌಕದ ಕೆಲಸ ಆರಂಭವಾದದ್ದು 1656ರಲ್ಲಿ, ನಮ್ಮ ಮಹಮ್ಮದ್ ಆದಿಲ್ ಶಾಹ ತೀರಿಕೊಂಡು ಗೋಳಗುಮ್ಮಟದಡಿ ಮಲಗಿದ ವರ್ಷ. ಅಲ್ಲಿ ಒಟ್ಟು 284 ಕಂಬಗಳಿವೆ; ನೆಲದ ಮೇಲೆ ಗುರುತು ಮಾಡಿದ ಎರಡು ಬಿಂದುಗಳಲ್ಲಿ ಒಂದರ ಮೇಲೆ ನಿಂತರೆ ಆ ಬದಿಯ ನಾಲ್ಕು ಸಾಲಿನ ಕಂಬಗಳು ಒಂದೇ ಸಾಲಿನಂತೆ ಕಾಣುತ್ತವೆ. ಇವೆರಡೂ ನನಗೆ ತಿಳಿದದ್ದು ಹಡಗಿಗೆ ಮರಳಿದ ಮೇಲೆ ಓದಿ. ಆ ಬಿಂದುಗಳ ಆಸುಪಾಸಿನಲ್ಲೇ ನಾವು ಮುಕ್ಕಾಲು ತಾಸು ಏನೂ ತಿಳಿಯದೆ ಓಡಾಡಿದ್ದೆವು.

ಮೂರೂ ಮುಕ್ಕಾಲಿಗೆ ಬರಬೇಕಿದ್ದ ವ್ಯಾನ್ ಬಂದದ್ದು ನಾಲ್ಕೂಕಾಲಿಗೆ. ರಸ್ತೆ ಬಂದ್ ಆಗಿತ್ತು ಎಂಬುದು ಚಾಲಕನ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಸಂಸ್ಥೆ ಕೊಟ್ಟ ಫೋನ್ ನಂಬರನ್ನು ಆ ಅರ್ಧ ತಾಸಿನಲ್ಲಿ ನಾಲ್ಕು ಸಲ ಒತ್ತಿದರೂ ಯಾರೂ ಎತ್ತಲಿಲ್ಲ. ಅವ್ವ ಬಿಸಿಲಿನಲ್ಲಿ ಪಾದಚಾರಿ ಕಟ್ಟೆಯ ಅಂಚಿನ ಮೇಲೆ ಕುಳಿತಿದ್ದಳು, ನನ್ನ ಹೆಂಡತಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಹಡಗು ತಪ್ಪಿದರೆ ಮುಂದಿನ ಬಂದರಿಗೆ ತಲುಪಿಸುತ್ತೇವೆ ಎಂದು ಮೇಲ್‌ನಲ್ಲಿ ಬರೆದಿದ್ದರಲ್ಲ ಎಂದು ದಾರಿಯಲ್ಲಿ ಕೇಳಿದರೆ ಚಾಲಕನಿಗೆ ಅಂಥ ಒಪ್ಪಂದದ ಸುದ್ದಿಯೇ ತಿಳಿದಿರಲಿಲ್ಲ. ಹಡಗು ಹತ್ತಿದಾಗ ಆರಕ್ಕೆ ಹತ್ತು ನಿಮಿಷ ಬಾಕಿಯಿತ್ತು.

ಗೈಡ್‌ಗೆ ಐದಕ್ಕೆ ಐದು, ಕಚೇರಿಗೆ ಐದಕ್ಕೆ ಎರಡು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಖಾಸಗಿ ವ್ಯಾನನ್ನೇ ಆರಿಸಿಕೊಳ್ಳಿ. ಆದರೆ ಗೈಡ್ ಎಷ್ಟು ತಾಸು ಜೊತೆಗಿರುತ್ತಾರೆ, ತಡವಾದರೆ ಯಾವ ನಂಬರಿನಲ್ಲಿ ಯಾರು ಮಾತನಾಡುತ್ತಾರೆ ಎಂಬ ಎರಡನ್ನು ಬರವಣಿಗೆಯಲ್ಲಿ ಪಡೆಯದೆ ಹಣ ಕಳಿಸಬೇಡಿ. ಮರಳುವ ವೇಳೆಯನ್ನು ಹಡಗಿನ ಗಡುವಿಗಿಂತ ಎರಡು ತಾಸು ಮೊದಲೇ ಇಟ್ಟುಕೊಳ್ಳಿ. ಗೈಡ್‌ರನ್ನು ಇನ್ನೂ ಎರಡು ತಾಸು ಉಳಿಸಿಕೊಂಡಿದ್ದರೆ ಖರ್ಚು ಹೆಚ್ಚಾಗುತ್ತಿತ್ತು, ಆದರೆ ಟ್ರೆವಿಯನ್ನು ಬಿಟ್ಟು ಆ ಹಣ ಕೊಡಲು ನಾನು ಈಗ ಸಿದ್ಧನಿದ್ದೇನೆ. ಊರಿಗೆ ಬಂದು ದೂರಿನ ಮೇಲ್ ಬರೆದ ಎಂಟನೆಯ ದಿನ ಸಂಸ್ಥೆ ಕ್ಷಮೆ ಕೋರಿ 60 ಯೂರೋ ಹಿಂತಿರುಗಿಸಿತು. ಫೋನ್ ಏಕೆ ಎತ್ತಲಿಲ್ಲ ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.